ಐದು ಕಾಳು ಅಕ್ಷತೆ

ಯಂತ್ರದಲ್ಲಿ ಉಳಿದಿದ್ದ ಬಂದೂಕಿನ ಮದ್ದನ್ನು ಖಾಲಿ ಮಾಡುವಾಗ ಕಾಗದದ ಆಲಿಕೆಯ ಮೇಲೆ ಪುಡಿಯ ಜೊತೆ ಹಳದಿಯದೇನೋ ಒಂದು ಉದುರಿತು. ಕಲ್ಮೇಶ ಅದನ್ನು ಮೊದಲು ಪ್ಲಾಸ್ಟಿಕ್ ಚೂರು ಎಂದುಕೊಂಡ. ಬೆರಳ ತುದಿಗೆ ಅಂಟಿಸಿಕೊಂಡು ಗ್ಯಾರೇಜಿನ ಅರ್ಧ ತೆರೆದ ಬಾಗಿಲಿನ ಬೆಳಕಿಗೆ ಹಿಡಿದು ನೋಡಿದ. ಅಕ್ಕಿಕಾಳು. ಅರಿಸಿನ ಮತ್ತು ತುಪ್ಪ ಸವರಿದ್ದ ಕಾಳಿನ ಮೈಗೆ ಸಜ್ಜೆ ರೊಟ್ಟಿಗೆ ಎಳ್ಳು ಹತ್ತಿದ ಹಾಗೆ ಕಪ್ಪು ಮದ್ದಿನ ಹರಳುಗಳು ಹತ್ತಿಕೊಂಡಿದ್ದವು.

ಅವನು ಮದ್ದು ತುಂಬುವ ಕೆಂಪು ಕೊಳವೆಯನ್ನು ಯಂತ್ರದಿಂದ ಬಿಚ್ಚಿ ಬೋರಲು ಹಾಕಿ ತಟ್ಟಿದ. ತಳದ ಸಂದಿಯಲ್ಲಿ ಇನ್ನೊಂದು ಕಾಳು ಅಡ್ಡ ಕೂತಿತ್ತು. ಸೂಜಿಯಿಂದ ಎಬ್ಬಿಸಿ ತೆಗೆದ. ಮತ್ತೆ ತಟ್ಟಿದ, ಊದಿದ, ಟಾರ್ಚ್ ಬಿಟ್ಟು ನೋಡಿದ. ಎರಡೇ ಕಾಳು. ಅವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅಡಿಗೆಮನೆಗೆ ಬಂದ.

ತಾಯಿ ಗೌರಾಬಾಯಿ ಸ್ಟೂಲಿನ ಮೇಲೆ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ಆರು ತಿಂಗಳ ವೀಸಾದ ಮೇಲೆ ಮಹಾಲಿಂಗಪುರದಿಂದ ಅಮೆರಿಕದ ಸುವಾನಿಗೆ ಬಂದು ನಾಲ್ಕು ತಿಂಗಳಾಗಿತ್ತು. ಮಗನ ಮನೆಯ ಎಲ್ಲ ಡಬ್ಬಿಗಳೂ ಈಗ ಅವಳ ತಾಬೆಯಲ್ಲಿದ್ದವು.

"ಯವ್ವಾ, ಖಂಡೇ ಪೂಜಿ ದಿನ ಗ್ಯಾರೇಜಿನ್ಯಾಗಿನ ಮಷೀನಿಗೆ ಏನೇನ್ ಮಾಡಿದ್ದಿ?"

"ಏನ್ ಮಾಡೂದಪಾ? ಈಬತ್ತಿ ಹಚ್ಚೀನಿ, ಕುಂಕುಮ ಹಚ್ಚೀನಿ, ಒಂದ್ ಹೂವ ಏರ್ಸೀನಿ. ನಿನ್ನ ಎದುರಿಗೇ ಮಾಡಿದ್ನೆಲ್ಲಾ."

"ಅಕ್ಷತಿ?"

"ಅಕ್ಷತಿ ಬಿಡ್ತೀನೇನು? ನೀ ಫೋನ್ ಬಂತಂತ ಒಳಗ ಹೋದಿ ನೋಡು, ಆಗ ಬಾಯಾಗ ಐದು ಕಾಳ ಹಾಕೀನಿ. ಗಿರಣಿ ಬಾಯಿಗೆ ಕಾಳ ಹಾಕದ ಪೂಜಿ ಎಲ್ಲೈತಿ?"

"ಐದ? ಎಣಿಸಿ ಹಾಕಿಯೇನು?"

"ಎಣಿಸದ ಹಾಕ್ತಾರೇನು ತಮ್ಮಾ! ನಿಮ್ಮಪ್ಪನ ಗಿರಣ್ಯಾಗ ಮೂವತ್ತೆರಡು ವರ್ಷ ಹಾಕೀನಿ. ಐದಕ್ಕ ಆರಿಲ್ಲ, ನಾಕಿಲ್ಲ." ಗೌರಾಬಾಯಿ ತಲೆ ಎತ್ತಿದಳು. "ಯಾಕ? ಏನಾತು?"

"ಏನಿಲ್ಲ" ಎಂದು ಕಲ್ಮೇಶ ಮುಷ್ಟಿ ಬಿಗಿ ಮಾಡಿಕೊಂಡು ಗ್ಯಾರೇಜಿಗೆ ವಾಪಸ್ಸು ಬಂದ.

ತಾಯಿಯನ್ನು ಬೈಯುವಂತೆಯೂ ಇರಲಿಲ್ಲ. ಊರಲ್ಲಿ ಅವರದು ಹಿಟ್ಟಿನ ಗಿರಣಿ. ಖಂಡೇ ಪೂಜೆ, ಅಂದರೆ ಮಹಾನವಮಿಯ ಆಯುಧಪೂಜೆಯ ದಿನ ಪಟ್ಟಾ ಬಿಚ್ಚಿ, ಕಲ್ಲು ತೊಳೆದು, ಕಾಳು ಸುರಿಯುವ ಬಾಯಿಗೆ ಮೊದಲು ಐದು ಕಾಳು ಅಕ್ಷತೆ ಹಾಕಿ, "ಗಿರಣಿ ನಿಲ್ಲದಂಗ ನಡೀಲಿ" ಎಂದು ಕೈಮುಗಿದ ಮೇಲೆಯೇ ಮನೆಯಲ್ಲಿ ಹೋಳಿಗೆ. ಇಲ್ಲಿ ಗ್ಯಾರೇಜಿನ ಬೆಂಚಿಗೆ ಬೋಲ್ಟು ಹಾಕಿ ಕೂರಿಸಿದ ಯಂತ್ರವೂ ಹಾಗೆಯೇ ಕಾಣುತ್ತದೆ. ಮೇಲೊಂದು ಬಾಯಿ, ನಡುವೆ ತಿರುಗುವ ಗುಂಡನೆಯ ತಲೆ, ಪಕ್ಕಕ್ಕೆ ಎಳೆಯುವ ಹಿಡಿಕೆ. ಅವಳ ಪ್ರಕಾರ ಅದೂ ಗಿರಣಿಯೇ. ಗುಂಡು ಮಾಡುವ ಗಿರಣಿ, ಮಗನ ಕಂಪನಿಯ ಸಾಹೇಬನ ಶೋಕಿ. ಅದರ ಬಾಯಿ ಆ ದಿನ ಖಾಲಿಯಿತ್ತು. ಮರುದಿನ ಸಂಜೆ ಕಲ್ಮೇಶ ಒಳಗೆ ನೋಡದೆಯೇ ಮೇಲಿಂದ ಮದ್ದು ಸುರಿದಿದ್ದ. ಕೆಂಪು ಕೊಳವೆಯ ಹೊರಗಿನಿಂದ ಹಳದಿ ಕಾಣುವುದಿಲ್ಲ.

ಹಿಡಿಕೆಯನ್ನು ಒಮ್ಮೆ ಎಳೆದರೆ ಯಂತ್ರದ ತಲೆ ಕಾಲು ಸುತ್ತು ತಿರುಗುತ್ತದೆ. ನಾಲ್ಕು ಸಲ ಎಳೆದರೆ ಒಂದು ತೋಟಾ. ಮೊದಲ ಎಳೆತಕ್ಕೆ ಹಾರಿಸಿ ಬಿಸಾಡಿದ ಹಿತ್ತಾಳೆಯ ಚಿಪ್ಪು ಮತ್ತೆ ಆಕಾರಕ್ಕೆ ಬರುತ್ತದೆ, ಎರಡನೆಯದಕ್ಕೆ ಮೇಲಿನ ಬಾಯಿಯಿಂದ ಅಳತೆಯ ಮದ್ದು ಇಳಿಯುತ್ತದೆ, ಮೂರನೆಯದಕ್ಕೆ ಗುಂಡು ಕೂರುತ್ತದೆ, ನಾಲ್ಕನೆಯದಕ್ಕೆ ಬಿಗಿಯಾಗುತ್ತದೆ. ಮದ್ದು ಇಳಿಯುವ ಸಂದಿಯಲ್ಲಿ ಅಕ್ಕಿಕಾಳು ಅಡ್ಡ ಕೂತರೆ ಒಂದು ತೋಟಾಕ್ಕೆ ಕಡಿಮೆ ಬೀಳುತ್ತದೆ, ಮುಂದಿನದಕ್ಕೆ ಹೆಚ್ಚು. ಕಡಿಮೆ ಬಿದ್ದ ತೋಟಾದ ಗುಂಡು ಹೊರಗೆ ಹೋಗದೆ ನಳಿಕೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದು ತಿಳಿಯದೆ ಇನ್ನೊಮ್ಮೆ ಬಂದೂಕಿನ ಕುದುರೆ ಎಳೆದರೆ ಅದು ಕೈಯಲ್ಲೇ ಸಿಡಿಯುತ್ತದೆ. ಬೆರಳು ಹೋಗಬಹುದು, ಕಣ್ಣು ಹೋಗಬಹುದು.

ಐದರಲ್ಲಿ ಎರಡು ಅವನ ಕೈಯಲ್ಲಿದ್ದವು. ಉಳಿದ ಮೂರು ಕಾಳು ಇನ್ನೂರು ತೋಟಾಗಳಲ್ಲಿ ಎಲ್ಲೋ ಇದ್ದವು. ಆ ಇನ್ನೂರನ್ನು ಅವನು ನಿನ್ನೆಯಷ್ಟೇ ನಾಲ್ಕು ಡಬ್ಬಿಗಳಲ್ಲಿ ಜೋಡಿಸಿ ಕಂಪನಿಯ ಮಾಲೀಕ ಡೇಲ್‌ಗೆ ಕೊಟ್ಟು ಬಂದಿದ್ದ. ಇವತ್ತು ಶನಿವಾರ. ಡೇಲ್‌ನ ಹೆಂಡತಿ ಲಿನೆಟ್ ಊಟವಾದ ಮೇಲೆ ಹೊಸ ರಿವಾಲ್ವರ್ ಹಿಡಿದು ಮೊದಲ ಸಲ ಗುರಿ ಹೊಡೆಯುವವಳಿದ್ದಳು. ಕಲ್ಮೇಶನ ಹೆಂಡತಿ ಶ್ರೀದೇವಿಗೆ ಪಿತ್ತಕೋಶದ ಆಪರೇಷನ್ ಆದಾಗ ಮೂರು ದಿನ ಆಸ್ಪತ್ರೆಗೆ ಬಿಸಿ ಸೂಪು ಹೊತ್ತು ತಂದ ಹೆಂಗಸು ಅವಳು.

ಕಲ್ಮೇಶ ಡೇಲ್‌ಗೆ ಫೋನ್ ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದ. ಲಿನೆಟ್‌ಳ ನಂಬರು ಅವನ ಹತ್ತಿರ ಇರಲಿಲ್ಲ.

ಈ ಯಂತ್ರ ಮನೆಗೆ ಬಂದದ್ದು ಮಾರ್ಚಿನಲ್ಲಿ. ಆ ವರ್ಷ, ಅಂದರೆ ಎರಡು ಸಾವಿರದ ಹದಿಮೂರರಲ್ಲಿ, ಜಾರ್ಜಿಯಾದ ಯಾವ ಅಂಗಡಿಯಲ್ಲೂ ತೋಟಾ ಸುಲಭಕ್ಕೆ ಸಿಗುತ್ತಿರಲಿಲ್ಲ. ಬೆಳಗ್ಗೆ ಆರಕ್ಕೆ ಸಾಲು ನಿಂತವರಿಗೆ ತಲೆಗೊಂದು ಡಬ್ಬಿ. ಡೇಲ್‌ಗೆ ಸಾಲು ನಿಲ್ಲುವುದೆಂದರೆ ಅವಮಾನ. ಹನ್ನೆರಡು ಜನರ ಅವನ ಕಂಪನಿಯಲ್ಲಿ ಕೂದಲೆಳೆಯ ಅಳತೆಗೆ ಕೆಲಸ ಮಾಡುವವನು ಕಲ್ಮೇಶ ಒಬ್ಬನೇ. ಒಂದು ಸಂಜೆ ಡೇಲ್ ಟ್ರಕ್ಕಿನಲ್ಲಿ ಯಂತ್ರ ತಂದು, "ಕ್ಯಾಲ್, ನಿನ್ನಂಥ ಕೈ ಇನ್ನೊಬ್ಬರಿಗಿಲ್ಲ" ಎಂದು ತಾನೇ ಬೆಂಚಿಗೆ ಬೋಲ್ಟು ಬಿಗಿದು ಹೋದ. ಅವನು ಬಲವಂತ ಮಾಡಿದ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಇಲ್ಲ ಎನ್ನಲು ಬೇರೆ ಥರದ ಕಾಗದ ಬೇಕು. ಕಲ್ಮೇಶನ ವೀಸಾದ ಆರನೆಯ ವರ್ಷ ಬರುವ ಫೆಬ್ರುವರಿಗೆ ಮುಗಿಯುತ್ತಿತ್ತು. ಗ್ರೀನ್ ಕಾರ್ಡಿನ ಅರ್ಜಿ ಹಾಕಬೇಕಾದವನು ಡೇಲ್. ಅವನು ಸಹಿ ಹಾಕದಿದ್ದರೆ ಗಂಟುಮೂಟೆ ಕಟ್ಟುವುದೇ.

ಇದಿಷ್ಟೇ ಆಗಿದ್ದರೂ ಬದುಕಬಹುದಿತ್ತು. ಆಗಸ್ಟಿನಲ್ಲಿ ಪಕ್ಕದ ಊರು ಡುಲುತ್‌ನ ಇಡ್ಲಿ ಹೋಟೆಲಿನಲ್ಲಿ ಬೆಂಗಳೂರಿನ ಸೂರ್ಯನಾರಾಯಣ ಸಿಕ್ಕಿದ್ದ. ವೀಸಾದ ವಿಷಯದಲ್ಲಿ ಲಾಯರುಗಳಿಗೇ ಪಾಠ ಹೇಳುವ ಆಸಾಮಿ. ಕಲ್ಮೇಶ, ಯಾರೋ ಗೆಳೆಯನ ವಿಷಯ ಎನ್ನುವಂತೆ, ಬಾಯಿಬಿಟ್ಟ.

"ಅಯ್ಯೋ, ಯಾರು ಗುರೂ ಅವ್ನು?" ಸೂರ್ಯನಾರಾಯಣ ಸಾಂಬಾರಿನ ಚಮಚ ಕೆಳಗಿಟ್ಟ. "ವೀಸಾದಲ್ಲಿರೋರು ಗನ್ ಬಿಡು, ಒಂದು ಬುಲೆಟ್ ಕೂಡ ಮನೇಲಿ ಇಟ್ಕೊಳ್ಳೋ ಹಾಗಿಲ್ಲ. ಫೆಡರಲ್ ಲಾ ಅದು. ಸಿಕ್ಕಿಬಿದ್ರೆ ಜೈಲು, ಆಮೇಲೆ ಡಿಪೋರ್ಟ್ ಮಾಡ್ತಾರೆ. ಹಂಟಿಂಗ್ ಲೈಸೆನ್ಸ್ ಇದ್ರೆ ಏನೋ ಎಕ್ಸೆಪ್ಶನ್ ಇದೆ ಅಂತಾರೆ. ಲಾಯರ್‌ನ ಕೇಳೋಕೆ ಹೇಳು ನಿನ್ನ ಫ್ರೆಂಡ್‌ಗೆ."

ಲಾಯರನ್ನು ಕೇಳುವುದೇ? ಲಾಯರು ಡೇಲ್‌ನ ಕಂಪನಿಯವನು. ಕೇಳಿದರೆ ಒಪ್ಪಿಕೊಂಡಂತೆ. ಈಗ ಲೈಸೆನ್ಸ್ ಮಾಡಿಸಿದರೂ ಆಗಲೇ ಮಾಡಿ ಕೊಟ್ಟ ಸಾವಿರಾರು ತೋಟಾಗಳನ್ನು ಮಾಡಿಯೇ ಇಲ್ಲ ಎಂದಾಗುವುದಿಲ್ಲ. ಅವತ್ತಿನಿಂದ ಕಲ್ಮೇಶ ಗ್ಯಾರೇಜಿನ ಬಾಗಿಲು ಪೂರ್ತಿ ತೆರೆಯುವುದನ್ನು ಬಿಟ್ಟ. ಎದುರು ಮನೆಯ ಮುಂದೆ ಪೊಲೀಸ್ ಕಾರು ನಿಧಾನವಾದರೆ ಗ್ಯಾರೇಜಿನ ದೀಪ ಆರಿಸುತ್ತಿದ್ದ. ಹೆಂಡತಿಗೂ ಹೇಳಲಿಲ್ಲ. ತೋಟಾ ಮಾಡುವುದನ್ನೂ ನಿಲ್ಲಿಸಲಿಲ್ಲ.

ಶ್ರೀದೇವಿ ಒಗೆದ ಬಟ್ಟೆಯ ಬುಟ್ಟಿ ಹಿಡಿದುಕೊಂಡು ಬಂದವಳು ಗಂಡನ ಮುಖ ನೋಡಿ ನಿಂತಳು. ಅವನು ಅಂಗೈ ಬಿಚ್ಚಿ ತೋರಿಸಿದ. ಕಾಳಿನ ಕತೆ ಹೇಳಿದ, ಕಾನೂನಿನದು ಹೇಳಲಿಲ್ಲ.

"ಮತ್ತ ಇನ್ನೂ ಇಲ್ಲೇ ಯಾಕ ನಿಂತೀರಿ?" ಎಂದಳು ಅವಳು. "ಹೋಗ್ರಿ. ಆಕಿ ಕಣ್ಣಿಗೆ ಏನರ ಆದ್ರ?"

"ಏನಂತ ಹೇಳ್ಲಿ?"

"ಇದ್ದದ್ದ ಹೇಳ್ರಿ."

"ಅವ್ವನ ಹೆಸರ ಹೇಳ್ಲೇನು? ಸಾಹೇಬ ಸಿಟ್ಟಿಗೆದ್ದ ಅಂದ್ರ ಕಾಗದಕ್ಕ ಸಹಿ ಹಾಕ್ತಾನ?"

ಶ್ರೀದೇವಿಗೆ ಸಿಟ್ಟು ಬಂತು. "ಮೊದಲ ಹೋಗ್ರಿ" ಎಂದಷ್ಟೇ ಹೇಳಿ ಕಾರಿನ ಕೀಲಿ ತಂದು ಕೈಗಿಟ್ಟಳು.

ಕಾರು ಹಿಂದಕ್ಕೆ ತೆಗೆಯುವಷ್ಟರಲ್ಲಿ ಗೌರಾಬಾಯಿ ಇಳಕಲ್ ಸೀರೆಯ ಮೇಲೆ ಸ್ವೆಟರ್ ಏರಿಸಿಕೊಂಡು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಅಡ್ಡ ನಿಂತಿದ್ದಳು.

"ಸಾಹೇಬರ ಮನಿಗಿ ಹೊಂಟೀಯಂತ? ನಾನೂ ಬರ್ತೀನಿ. ದಸರಾ ಮುಗದು ಐದು ದಿನ ಆತು, ಅವರಿಗೆ ಇನ್ನೂ ಬನ್ನಿ ಕೊಟ್ಟಿಲ್ಲ."

"ಇವತ್ತ ಬ್ಯಾಡ ಯವ್ವಾ, ಅರ್ಜೆಂಟ್ ಕೆಲಸೈತಿ."

"ನಿನ್ನ ಕೆಲಸಾ ನೀ ಮಾಡಪಾ, ನಾ ಏನ್ ಅಡ್ಡ ಬರ್ತೀನಿ? ಅನ್ನಾ ಕೊಟ್ಟ ಮನಷ್ಯಾಗ ಒಂದ್ ಎಲಿ ಕೊಡದಿದ್ರ ಹ್ಯಾಂಗ?" ಅವಳು ಆಗಲೇ ಬಾಗಿಲು ತೆಗೆದು ಕೂತಿದ್ದಳು. ಅವಳನ್ನು ಇಳಿಸಲು ಹೋದರೆ ಇನ್ನೂ ಹೊತ್ತಾಗುತ್ತಿತ್ತು.

ಚೀಲದಲ್ಲಿದ್ದದ್ದು ಬನ್ನಿಯಲ್ಲ. ಬನ್ನಿಮರ ಜಾರ್ಜಿಯಾದಲ್ಲಿ ಎಲ್ಲಿಂದ ಬರಬೇಕು? ಮನೆಯ ಮುಂದಿನ ಕ್ರೇಪ್ ಮರ್ಟಲ್ ಗಿಡದ ಎಲೆ. ಅಕ್ಟೋಬರಿನ ಚಳಿಗೆ ಹಣ್ಣಾಗಿ ಕೆಂಪಗೆ, ಹಳದಿಯಾಗಿ ತಿರುಗಿದ್ದವು. ಗೌರಾಬಾಯಿ ಅವನ್ನೇ ದೇವರ ಮುಂದಿಟ್ಟು, ಪೂಜೆ ಮಾಡಿ, ಬನ್ನಿ ಮಾಡಿಬಿಟ್ಟಿದ್ದಳು.

ಬ್ಯೂಫರ್ಡ್ ದಾಟಿ ಉತ್ತರಕ್ಕೆ ಮುಕ್ಕಾಲು ಗಂಟೆಯ ದಾರಿ. ಕಲ್ಮೇಶ ದಾರಿಯುದ್ದಕ್ಕೂ ಒಂದು ಸುಳ್ಳನ್ನು ತಿದ್ದಿ ತೀಡಿ ತಯಾರು ಮಾಡಿದ. ತಕ್ಕಡಿಯ ಅಳತೆ ಸ್ವಲ್ಪ ತಪ್ಪಿದೆ, ಎಲ್ಲವನ್ನೂ ಮತ್ತೊಮ್ಮೆ ತೂಗಬೇಕು, ಡಬ್ಬಿ ಕೊಡು. ಇಷ್ಟೇ. ತಾಯಿಯ ಹೆಸರಿಲ್ಲ, ಅಕ್ಕಿಯಿಲ್ಲ. ಆದರೆ ತಕ್ಕಡಿ ತಪ್ಪಿತೆಂದರೆ ಡೇಲ್ ತನ್ನ ತಕ್ಕಡಿ ತಂದು ಅಲ್ಲೇ ತೂಗಿಬಿಡುತ್ತಾನೆ. ಚಿಪ್ಪಿನಿಂದ ಚಿಪ್ಪಿಗೆ ತೂಕ ಬೇರೆ, ಹಾಗಾಗಿ ತೂಕದಲ್ಲಿ ಏನೂ ತಿಳಿಯುವುದಿಲ್ಲ. ಎಲ್ಲ ಸರಿಯಾಗಿದೆ ಎಂದು ಹೆಂಡತಿಯ ಕೈಗೆ ಕೊಟ್ಟರೆ?

"ಹಾದ್ಯಾಗ ಒಂದ್ ನರಪಿಳ್ಳೆ ಇಲ್ಲ ನೋಡು" ಎಂದಳು ಗೌರಾಬಾಯಿ, ಕಿಟಕಿಯ ಹೊರಗೆ ನೋಡುತ್ತ. "ಇಷ್ಟ್ ದೊಡ್ಡ ದೊಡ್ಡ ಮನಿ ಕಟ್ಟಿ ಎಲ್ಲಿ ಹೋಗಿ ಕುಂತಾರ ಇವ್ರು?"

ಕಲ್ಮೇಶ ಮತ್ತೆ ಫೋನ್ ಹಚ್ಚಿದ. ರಿಂಗಾಗಿ ನಿಂತಿತು.

ಡೇಲ್‌ನ ಮನೆಯ ಮಣ್ಣಿನ ದಾರಿಗೆ ತಿರುಗಿದ ಕೂಡಲೇ ಹಿತ್ತಲ ಕಡೆಯಿಂದ ಢಮ್ ಎಂದು ಸದ್ದು ಕೇಳಿತು. ಸ್ವಲ್ಪ ತಡೆದು ಮತ್ತೊಂದು. ಕಲ್ಮೇಶ ಕಾರನ್ನು ಹುಲ್ಲಿನ ಮೇಲೆಯೇ ಬಿಟ್ಟು, ಬಾಗಿಲು ಹಾಕದೆ ಓಡಿದ. ಹಿಂದಿನಿಂದ ತಾಯಿ "ತಮ್ಮಾ, ಹುಷಾರ!" ಎಂದು ಕೂಗಿದ್ದು ಕೇಳಿಸಿತು. ಮೂವತ್ತೆಂಟು ವರ್ಷದ ಬದುಕಿನಲ್ಲಿ ಅವನು ಅಷ್ಟು ಹೆದರಿದ್ದೇ ಇಲ್ಲ.

ಹಿತ್ತಲಿನಲ್ಲಿ ಡೇಲ್ ಕಿವಿಗೆ ದೊಡ್ಡ ಮುಚ್ಚಳ ಹಾಕಿಕೊಂಡು ಮಣ್ಣಿನ ದಿಬ್ಬದ ಕಡೆಗೆ ಹಳೆಯ ರೈಫಲ್ ಹಿಡಿದು ನಿಂತಿದ್ದ. ಲಿನೆಟ್ ಹಿಂದೆ ಮರದ ಮೇಜಿನ ಹತ್ತಿರ ಕೂತಿದ್ದಳು. ಮೇಜಿನ ಮೇಲೆ ಕಲ್ಮೇಶನ ನಾಲ್ಕು ಡಬ್ಬಿಗಳಿದ್ದವು. ಮೊದಲ ಡಬ್ಬಿಯಲ್ಲಿ ಆರು ಗುಳಿ ಖಾಲಿ. ಆ ಆರು ಪಕ್ಕದಲ್ಲಿದ್ದ ಹೊಸ ರಿವಾಲ್ವರಿನ ತೆರೆದ ಚಕ್ರದಲ್ಲಿ ಕೂತಿದ್ದವು.

"ಹೊಡೀಬ್ಯಾಡ್ರಿ" ಎಂದ ಕಲ್ಮೇಶ. ಗಾಬರಿಯಲ್ಲಿ ಅದನ್ನು ಕನ್ನಡದಲ್ಲೇ ಹೇಳಿದ್ದ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ.

ಡೇಲ್ ಕಿವಿಯ ಮುಚ್ಚಳ ತೆಗೆದ. "ಏನಾಯ್ತು ಕ್ಯಾಲ್? ಮುಖ ಯಾಕೆ ಹಾಗಿದೆ?"

ತಯಾರು ಮಾಡಿದ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಲಿನೆಟ್ ಅವನನ್ನು ನೋಡಿ ನಕ್ಕಳು. ಅವಳ ಕಣ್ಣು ನೀಲಿ ಎಂಬುದು ಅವನಿಗೆ ಅವತ್ತೇ ಮೊದಲು ಕಂಡಿತು. ಅವನು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಹಬ್ಬ, ಪೂಜೆ, ಗಿರಣಿ, ಐದು ಕಾಳು, ಸಿಕ್ಕಿದ್ದು ಎರಡು. ಹೇಳುತ್ತಿದ್ದಂತೆಯೇ ಗೌರಾಬಾಯಿ ಮೂಲೆಯಿಂದ ಬಂದು ಅವನ ಪಕ್ಕ ನಿಂತಳು. ತನ್ನ ವಿಷಯವೇ ನಡೆದಿದೆ ಎಂದು ಅವಳಿಗೆ ಅಂದಾಜಾಗಿರಬೇಕು. ಸೆರಗು ಸರಿಮಾಡಿಕೊಂಡು, ಎರಡೂ ಕೈಯಲ್ಲಿ ಎಲೆ ಹಿಡಿದು, ಮಾತು ಮುಗಿಯಲೆಂದು ನಗುತ್ತ ಕಾದಳು.

ಡೇಲ್ ರೈಫಲ್ ಕೆಳಗಿಟ್ಟ. ರಿವಾಲ್ವರ್ ಎತ್ತಿ ಆರೂ ತೋಟಾಗಳನ್ನು ಅಂಗೈಗೆ ಉದುರಿಸಿಕೊಂಡು ಒಂದೊಂದಾಗಿ ಡಬ್ಬಿಯ ಗುಳಿಗಳಲ್ಲಿ ಕೂರಿಸಿದ. ಲಿನೆಟ್ ಎರಡೂ ಕೈಯನ್ನು ಮೇಜಿನ ಮೇಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಏನಂತಾರ?" ಎಂದಳು ಗೌರಾಬಾಯಿ.

"ಏನಿಲ್ಲ. ಬನ್ನಿ ಕೊಡು."

ಗೌರಾಬಾಯಿ ಮುಂದೆ ಹೋಗಿ ಇಬ್ಬರ ಕೈಗೂ ಎಲೆ ಕೊಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರೀ" ಎಂದು ಡೇಲ್‌ಗೆ ಕೈಮುಗಿದಳು. "ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋಬೇಕ್ರಿ." ಪ್ರತಿ ದಸರೆಯಲ್ಲೂ ಎಲ್ಲರಿಗೂ ಹೇಳುವ ಮಾತು ಅದು. ಕಲ್ಮೇಶನಿಗೆ ಅವತ್ತು ಆ ಮಾತು ಕೇಳಲಾಗಲಿಲ್ಲ. ಬೇರೆ ಕಡೆ ನೋಡಿದ.

"ಏನು ಹೇಳ್ತಿದ್ದಾರೆ?" ಎಂದು ಲಿನೆಟ್ ಕೇಳಿದಳು.

"ಇದು ಬಂಗಾರ, ಇಟ್ಟುಕೊಳ್ಳಿ ಅಂತ." ಉಳಿದರ್ಧವನ್ನು ಅವನು ಅನುವಾದಿಸಲಿಲ್ಲ.

ಡೇಲ್ ಎಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕಲ್ಮೇಶನ ಹೆಗಲ ಮೇಲೆ ಕೈಯಿಟ್ಟ. ಇಬ್ಬರೂ ಟ್ರಕ್ಕಿನ ಕಡೆ ನಡೆದರು. "ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂರುತ್ತಿದ್ದರು" ಎಂದ. "ಅದಕ್ಕೇ ನಾನು ಇನ್ನೊಬ್ಬರ ಕೈಯಲ್ಲಿ ಮಾಡಿಸೋದಿಲ್ಲ. ಇನ್ನೂರನ್ನೂ ತೆಗೆದುಕೊಂಡು ಹೋಗು. ಬಿಚ್ಚಿ ಮತ್ತೆ ಮಾಡು. ಆತುರ ಇಲ್ಲ."

ಹೆಗಲ ಮೇಲಿನ ಕೈ ಭಾರವಾಗಿತ್ತು. ಹೇಳಿದರೆ ಈಗಲೇ ಹೇಳಬೇಕು ಎನ್ನಿಸಿತು ಕಲ್ಮೇಶನಿಗೆ. ಒಂದು ನಿಜ ಹೇಳಿದ ಮೇಲೆ ಇನ್ನೊಂದಕ್ಕೆ ಅಷ್ಟು ಧೈರ್ಯ ಬೇಕಾಗಲಿಲ್ಲ.

"ಡೇಲ್, ಇನ್ನು ಮುಂದೆ ನನ್ನಿಂದ ಆಗೋದಿಲ್ಲ. ನಾನು ವೀಸಾದ ಮೇಲೆ ಇರೋನು. ನನ್ನ ಮನೆಯಲ್ಲಿ ಇವು ಇರಬಾರದು ಅಂತ ಕಾನೂನಿದೆಯಂತೆ."

ಡೇಲ್ ಟ್ರಕ್ಕಿನ ಹಿಂಬಾಗಿಲು ತೆಗೆಯುತ್ತಿದ್ದವನು ತಿರುಗಿ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ಗೊತ್ತು" ಎಂದ. "ಆ ಯಂತ್ರ ತಂದುಕೊಡುವ ಮೊದಲೇ ಓದಿ ನೋಡಿದ್ದೆ. ನಿನಗೂ ಗೊತ್ತಿದೆ ಅಂದುಕೊಂಡಿದ್ದೆ."

ಕಲ್ಮೇಶ ತಿರುಗಿ ತಾಯಿಯ ಕಡೆ ನೋಡಿದ.

"ನಾನಂತೂ ಯಾರಿಗೂ ಹೇಳೋನಲ್ಲ. ನೀನು ಹೇಳ್ತೀಯಾ?" ಡೇಲ್ ನಕ್ಕ. ಒಳ್ಳೆಯ, ಸ್ನೇಹದ ನಗು ಅದು. "ಅಂದ ಹಾಗೆ ಲಾಯರು ನಿನ್ನ ಕಾಗದ ಕಳಿಸಿದ್ದಾನೆ. ಮೇಜಿನ ಮೇಲಿದೆ. ಸೋಮವಾರ ನೋಡ್ತೀನಿ."

ಆ ಎರಡು ಮಾತಿಗೂ ಸಂಬಂಧವಿತ್ತೋ ಇಲ್ಲವೋ ಡೇಲ್‌ಗೇ ಗೊತ್ತು. ಬಹುಶಃ ಇರಲಿಲ್ಲ. ಅವನು ಕೆಟ್ಟವನಲ್ಲ ಎಂಬುದೇ ದೊಡ್ಡ ಪಜೀತಿ. ಕೆಟ್ಟವನಾಗಿದ್ದರೆ ಮನಸಾರೆ ಬೈದುಕೊಂಡಾದರೂ ಇರಬಹುದಿತ್ತು. ಡೇಲ್ ಟ್ರಕ್ಕಿನಿಂದ ಹಸಿರು ಕಬ್ಬಿಣದ ಪೆಟ್ಟಿಗೆಯೊಂದನ್ನು ಎಳೆದು, ತಾನೇ ಹೊತ್ತು ತಂದು ಕಲ್ಮೇಶನ ಕಾರಿನ ಡಿಕ್ಕಿಯಲ್ಲಿಟ್ಟ. ಒಳಗೆ ಹಿತ್ತಾಳೆಯ ಖಾಲಿ ಚಿಪ್ಪುಗಳು ಝಲ್ಲೆಂದವು.

"ಇನ್ನೊಂದು ಸಾವಿರ ಇದೆ. ಹೇಗೂ ಬಂದಿದ್ದೀಯಲ್ಲ, ತೆಗೆದುಕೊಂಡೇ ಹೋಗು."

ಮರಳುವಾಗ ಗೌರಾಬಾಯಿಗೆ ಬಹಳ ಖುಷಿಯಾಗಿತ್ತು. ಲಿನೆಟ್ ಅವಳಿಗೊಂದು ಕುಂಬಳಕಾಯಿ ಕೊಟ್ಟಿದ್ದಳು. "ಭಾಳ ಛಲೋ ಮನಷ್ಯಾ ನೋಡು ತಮ್ಮಾ. ಎಷ್ಟ್ ದೊಡ್ಡಾಂವಿದ್ರೂ ಪೆಟಿಗಿ ತಾನ ಹೊತ್ತ ತಂದಿಟ್ಟ. ಇಂಥಾ ಮಾಲಕ ಸಿಗಾಕ ಪುಣ್ಯಾ ಮಾಡಿರಬೇಕ." ಕಲ್ಮೇಶ ಹೂಂಗುಟ್ಟಿದ. ತಿರುವಿನಲ್ಲೆಲ್ಲ ಡಿಕ್ಕಿಯಲ್ಲಿ ಸಾವಿರ ಚಿಪ್ಪುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತಿದ್ದವು. ಅವನು ಮಿತಿಗಿಂತ ಐದು ಮೈಲಿ ಕಡಿಮೆ ವೇಗದಲ್ಲೇ ಕಾರು ಓಡಿಸಿದ.

ಭಾನುವಾರ ಊಟವಾದ ಮೇಲೆ ಗ್ಯಾರೇಜಿನಲ್ಲಿ ಬಿಚ್ಚುವ ಕೆಲಸ ಶುರುವಾಯಿತು. ಅದಕ್ಕೊಂದು ಪ್ಲಾಸ್ಟಿಕ್ ಸುತ್ತಿಗೆಯಿದೆ, ತಲೆ ಟೊಳ್ಳು. ಅದರೊಳಗೆ ತೋಟಾ ಸಿಕ್ಕಿಸಿ ಗಟ್ಟಿ ನೆಲಕ್ಕೆ ಮೂರ್ನಾಲ್ಕು ಪೆಟ್ಟು ಹಾಕಿದರೆ ಗುಂಡು ಕಳಚಿ ಮದ್ದಿನ ಜೊತೆ ತಲೆಯೊಳಗೆ ಬೀಳುತ್ತದೆ. ಒಂದೊಂದಕ್ಕೆ ಒಂದೊಂದು ನಿಮಿಷ. ಕಲ್ಮೇಶ ಸಿಮೆಂಟಿನ ಮೇಲೆ ಕೂತು ಬಡಿಯತೊಡಗಿದ. ಶ್ರೀದೇವಿ ಎದುರಿಗೆ ತಟ್ಟೆ ಹಿಡಿದು ಕೂತಳು. ಆಗ ಅವನು ಆಗಸ್ಟಿನ ಮಾತು ಹೇಳಿದ, ನಿನ್ನೆ ಟ್ರಕ್ಕಿನ ಹತ್ತಿರ ನಡೆದದ್ದನ್ನೂ ಹೇಳಿದ.

ಶ್ರೀದೇವಿ ತಟ್ಟೆಯನ್ನು ನೆಲಕ್ಕಿಟ್ಟಳು.

"ಆಗಸ್ಟಿನಿಂದ ಗೊತ್ತಿತ್ತು ನಿಮಗ."

"ಹೂಂ."

"ನಾ ಬೆಳಗಾವ್ಯಾಗ ದಿನಾ ಹದಿನೈದು ಪೇಶೆಂಟ್ ನೋಡಾಕಿ. ಐದು ವರ್ಷಾತು, ಕೈಯಾಗ ವಿದ್ಯಾ ಇಟ್ಕೊಂಡು ಈ ಮನ್ಯಾಗ ಕುಂತೀನಿ. ಯಾಕ? ಈ ವೀಸಾದ ಮ್ಯಾಲ ನಂಗ ಕೆಲಸಾ ಮಾಡಾಕ ಬರೂದಿಲ್ಲ, ಆ ಗ್ರೀನ್ ಕಾರ್ಡ್ ಬರ್ಲಿ ಅಂತ." ದನಿ ಏರದಂತೆ ಅವಳು ಒಳಗಿನ ಬಾಗಿಲ ಕಡೆ ನೋಡಿಕೊಂಡಳು. "ಆ ಕಾರ್ಡ್ ಸಲವಾಗಿ ಆ ಕಾರ್ಡೇ ಹೋಗೂ ಕೆಲಸಾ ಮಾಡಾಕತ್ತೀರಿ."

"ಮತ್ತ ಏನ್ ಮಾಡ್ಲಿ ಹೇಳು. ನಾಳೆ ಸೋಮವಾರ."

ನಾಳೆ ಸೋಮವಾರ, ಡೇಲ್ ಕಾಗದ ನೋಡುತ್ತಾನೆ. ಯಂತ್ರ ವಾಪಸ್ಸು ಕೊಟ್ಟರೆ ನೋಡುತ್ತಾನೋ ಇಲ್ಲವೋ. ಇಟ್ಟುಕೊಂಡರೆ ನೋಡುತ್ತಾನೆ. ಕೊನೆಗೆ ಶ್ರೀದೇವಿ ತಟ್ಟೆ ಎತ್ತಿ ಮುಂದಕ್ಕೆ ಚಾಚಿ, "ಹಾಕ್ರಿ" ಎಂದಳು.

ಮೂವತ್ತನೆಯದರಲ್ಲಿ ಮೊದಲ ಕಾಳು ಸಿಕ್ಕಿತು. ಶ್ರೀದೇವಿ ಅದನ್ನು ಎರಡು ಬೆರಳಲ್ಲಿ ಎತ್ತಿ ಜೇಬಿಗೆ ಹಾಕಿಕೊಂಡಳು. ಎಪ್ಪತ್ತರ ಸುಮಾರಿಗೆ ಇನ್ನೊಂದು ಸಿಕ್ಕಿತು. ಆ ತೋಟಾದಲ್ಲಿ ಮದ್ದು ಅರ್ಧಕ್ಕಿಂತ ಕಡಿಮೆ. ನಾಲ್ಕೂ ಡಬ್ಬಿಯವು ಆಗಲೇ ಬೆರೆತು ಹೋಗಿದ್ದವು; ಅದು ಡೇಲ್ ರಿವಾಲ್ವರಿನಿಂದ ತೆಗೆದು ಕೂರಿಸಿದ ಮೊದಲ ಸಾಲಿನದೋ ಅಲ್ಲವೋ ಎಂದು ಕೇಳಿಕೊಳ್ಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಸದ್ದು ಕೇಳಿ ಗೌರಾಬಾಯಿ ಬಂದಳು. "ಇದೇನು, ಮಾಡಿದ್ದನ್ನ ಒಡ್ಯಾಕತ್ತೀರಿ?"

"ಅಳತಿ ತಪ್ಪೇತಿ ಯವ್ವಾ. ಮತ್ತ ಮಾಡಬೇಕ."

"ತಪ್ಪಿದ್ರ ತಪ್ಪಲಿ, ಕಲ್ಲು ಕೊರೆಸಿದ ಮ್ಯಾಲ ಮೊದಲ ಹಿಟ್ಟು ಯಾವತ್ತೂ ತರಿನ ಬರ್ತೈತಿ" ಎಂದು ಅವಳು ಸೊಸೆಯ ಪಕ್ಕದಲ್ಲಿ ಕಾಲು ಚಾಚಿ ಕೂತಳು. ಬೇಡವೆಂದರೂ ಕೇಳದೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಗುಂಡು ಒಂದು ಬಟ್ಟಲಿಗೆ, ಮದ್ದು ಇನ್ನೊಂದಕ್ಕೆ, ಚಿಪ್ಪು ಮತ್ತೊಂದಕ್ಕೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಬೆರಳುಗಳು, ಬೇಗ ಬೇಗ ನಡೆದವು. ಅರ್ಧ ಬಾಗಿಲಿನ ಕೆಳಗಿನಿಂದ 'ಢಬ್ ಢಬ್' ಪೆಟ್ಟುಗಳ ನಡುವೆ ಬೀದಿಯಲ್ಲಿ ಎಲೆ ಊದುವ ಯಂತ್ರದ ಸದ್ದು ಕೇಳುತ್ತಿತ್ತು.

ಬಿಸಿಲು ಬೆಂಚಿನ ಕಾಲಿನವರೆಗೆ ಸರಿದಾಗ ಗೌರಾಬಾಯಿಯ ಬೆರಳು ನಿಂತಿತು.

"ಅಯ್ಯ ನನ ಶಿವನ!"

ಕಲ್ಮೇಶ ಸುತ್ತಿಗೆ ಹಿಡಿದ ಕೈಯನ್ನು ಹಾಗೆಯೇ ತಡೆದ. ಶ್ರೀದೇವಿ ಅತ್ತೆಯ ಮುಖ ನೋಡಿದಳು. ಕಪ್ಪು ಪುಡಿಯ ನಡುವಿನಿಂದ ಗೌರಾಬಾಯಿ ಹಳದಿಯ ಕಾಳನ್ನು ಎತ್ತಿಕೊಂಡು ಸೆರಗಿನಿಂದ ಒರೆಸುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಅವಳು ಏನಾದರೂ ಕೇಳುತ್ತಾಳೆಂದು ಕಾದರು.

"ನೋಡಿದ್ಯಾ ಶ್ರೀದೇವಿ? ನಾ ಹಾಕಿದ ಅಕ್ಷತಿ. ತಾನ ಹಾದಿ ಹುಡುಕ್ಕೊಂಡ ಒಳಗ ಹೋಗಿ ಕುಂತೈತಿ." ಅವಳ ಕಣ್ಣು ತುಂಬಿ ಬಂದಿತ್ತು. "ನಮ್ಮ ಗಿರಣ್ಯಾಗ ಇದು ಹಿಟ್ಟಾಗಿ ಹೋಗ್ತಿತ್ತು, ಒಮ್ಮೆನೂ ವಾಪಸ್ ಕೈಗಿ ಸಿಕ್ಕಿಲ್ಲ."

ಕಾಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಅವಳು ಮೊಣಕಾಲ ಮೇಲೆ ಮಗನ ಕಡೆಗೆ ಸರಿದಳು. ಕಲ್ಮೇಶನ ಒಂದು ಕೈಯಲ್ಲಿ ಸುತ್ತಿಗೆಯಿತ್ತು, ಇನ್ನೊಂದರಲ್ಲಿ ತೋಟಾ. ಅವನು ತಲೆ ಬಾಗಿಸಿದ. ತಾಯಿ ಕಾಳನ್ನು ಅವನ ನೆತ್ತಿಯ ಮೇಲಿಟ್ಟು ಅಂಗೈಯಿಂದ ಒತ್ತಿದಳು.

"ಈ ಮನ್ಯಾಗ ಈ ಗಿರಣಿ ಯಾವತ್ತೂ ನಿಲ್ಲದಂಗ ನಡೀಲಿ" ಎಂದಳು.

ಬಾಗಿಲ ಪಕ್ಕದಲ್ಲಿ ಹಸಿರು ಪೆಟ್ಟಿಗೆ ನಿನ್ನೆ ಇಟ್ಟಲ್ಲೇ ಇತ್ತು. ಯಂತ್ರದ ತಲೆಯ ಮೇಲೆ ಖಂಡೇ ಪೂಜೆಯ ದಿನದ ವಿಭೂತಿಯ ಮೂರು ಗೆರೆ ಇನ್ನೂ ಅಳಿಸಿರಲಿಲ್ಲ. ಕಾಳು ಬೀಳದಂತೆ ತಲೆಯನ್ನು ಬಾಗಿಸಿಕೊಂಡೇ ಕಲ್ಮೇಶ ಮುಂದಿನ ತೋಟಾವನ್ನು ಸುತ್ತಿಗೆಗೆ ಸಿಕ್ಕಿಸಿದ.